ತಾಲ್ಲೂಕು ಆಫೀಸಿನ ರೆಕಾರ್ಡ್ ರೂಮು: ಪೂರ್ವಿಕರನ್ನು ಹುಡುಕುವವರಿಗೆ ಹೇಗಿದೆ?

ಜಮೀನು ಕೊಳ್ಳುವವರು, ಮಾರುವವರು, ಕೋರ್ಟಿಗೆ ಅಲೆಯುವವರು. ರೆಕಾರ್ಡ್ ರೂಮಿಗೆ ಬರುವವರು ಹೆಚ್ಚಾಗಿ ಇವರೇ. ನಾನು ಹೋಗುವುದು ಮನೆತನದ ಹಳೆಯ ಹೆಸರುಗಳಿಗಾಗಿ. ನಾಡಕಚೇರಿಯ ವಂಶವೃಕ್ಷದಿಂದ ನನಗೆ ಉಪಯೋಗವಿಲ್ಲ. ಅದಕ್ಕೆ ಹೆಸರುಗಳನ್ನು ನಾವೇ ಹೇಳಬೇಕಲ್ವಾ?

ಹಳೆ ಮೈಸೂರು ಕಡೆಯ ಒಂದು ತಾಲ್ಲೂಕಿನ ಮಾತು ಇದು. ಇಲ್ಲಿ ಸರ್ವೆ ನಂಬರ್ ಇದ್ದರೆ ಎಲ್ಲ ಉಂಟು, ಇಲ್ಲದಿದ್ದರೆ ಏನೂ ಇಲ್ಲ. "ಮುತ್ತಜ್ಜನ ಹೆಸರು ಗೊತ್ತು ಸಾರ್" ಅಂದರೆ "ನಂಬರ್ ತಗೊಂಡು ಬನ್ನಿ" ಅನ್ನುತ್ತಾರೆ. ಹಾಗಾಗಿ ಈಗಿನ ಪಹಣಿಯಿಂದಲೇ ಹಿಂದಕ್ಕೆ ನಡೆಯಬೇಕು. ಹತ್ತನೇ ಕಲಂನಲ್ಲಿ ಎಂ.ಆರ್. ನಂಬರ್, ಅಂದರೆ ಖಾತೆ ಬದಲಾವಣೆ ಬರೆಯುವ ಮ್ಯುಟೇಶನ್ ರಿಜಿಸ್ಟರಿನ ನಂಬರ್ ಇರುತ್ತದೆ. ಅದನ್ನು ಹಿಡಿದು ಕೈಬರಹದ ಪಹಣಿ, ಅಲ್ಲಿಂದ ಐ.ಎಲ್. (ಜಮೀನುಗಳ ಸೂಚಿ), ಆರ್.ಆರ್. (ಹಕ್ಕು ದಾಖಲೆ) ಪುಸ್ತಕ. ಫೀಸು ದೊಡ್ಡದಲ್ಲ, ನನಗೆ ಬಸ್ ಚಾರ್ಜೇ ಜಾಸ್ತಿ. ಆದರೆ ಒಂದು ರಜೆ ಹೋಗುತ್ತದೆ.

ಬೆಳಿಗ್ಗೆ ಬೇಗ ಹೋದರೆ ಒಳ್ಳೆಯದು. ಮಧ್ಯಾಹ್ನದ ಮೇಲೆ ಕೀಲಿ ಒಬ್ಬರ ಹತ್ತಿರ, ಅವರು ಇನ್ನೊಂದು ಮೀಟಿಂಗಿನಲ್ಲಿ. ಮೂಗಿಗೆ ಕರ್ಚೀಫು ಕಟ್ಟಿಕೊಂಡು ಕಾಯುತ್ತೇನೆ. ಬಟ್ಟೆ ಸುತ್ತಿದ ಕಟ್ಟು ಮೇಜಿಗೆ ಬಿದ್ದಾಗ ಧೂಳು ಏಳುತ್ತದೆ, ರೆಕಾರ್ಡ್ ಕೀಪರ್ ಒಮ್ಮೆ ಸೀನುತ್ತಾರೆ. ಹಾಳೆಯ ಅಂಚು ಹಪ್ಪಳದ ಹಾಗೆ ಮುರಿಯುತ್ತದೆ, ಆದ್ದರಿಂದ ಪುಟ ತಿರುಗಿಸುವುದು ಅವರೇ. ಕೆಲವು ಸಂಪುಟಗಳಲ್ಲಿ ಒಬ್ಬರೇ ಶಾನುಭೋಗರ ದುಂಡು ಅಕ್ಷರ ವರ್ಷಗಟ್ಟಲೆ ಸಾಗುತ್ತದೆ. 1960ರ ದಶಕದಲ್ಲಿ ವಂಶಪಾರಂಪರ್ಯದ ಶಾನುಭೋಗಿಕೆ ಹೋದ ಮೇಲೆ ಕೈಗಳು ಪದೇ ಪದೇ ಬದಲಾಗುತ್ತವೆ, ಓದುವುದೂ ಕಷ್ಟವಾಗುತ್ತದೆ.

ನನಗೆ ಇಲ್ಲಿ ಹುಚ್ಚು ಹಿಡಿದದ್ದು ಒಂದು ಎಂ.ಆರ್. ಪುಟದಿಂದ. ಮುತ್ತಜ್ಜ ತೀರಿಕೊಂಡ ಮೇಲಿನ ಪೌತಿ ಖಾತೆ, ಅಂದರೆ ಜಮೀನು ವಾರಸುದಾರರ ಹೆಸರಿಗೆ ಬದಲಾದ ದಾಖಲೆ. ನಮ್ಮಜ್ಜ ಆಗ ಮೈನರ್, ಗಾರ್ಡಿಯನ್ ಅವರ ತಾಯಿ. ಮನೆಯಲ್ಲಿ ಎಲ್ಲರೂ "ದೊಡ್ಡಜ್ಜಿ" ಅನ್ನುತ್ತಿದ್ದರು, ನಿಜವಾದ ಹೆಸರು ಯಾರಿಗೂ ಗೊತ್ತಿರಲಿಲ್ಲ. ಇಲ್ಲಿ ಅದು ಇತ್ತು. ಅದೇ ಪುಟದಲ್ಲಿ ಎರಡು ಸಾಲು ಕೆಳಗೆ ಬೇರೆ ಸರ್ವೆ ನಂಬರಿನ ಗದ್ದೆ. ದೊಡ್ಡಜ್ಜಿ ಅದನ್ನು ಪಕ್ಕದೂರಿನ ಒಬ್ಬರಿಗೆ ಕ್ರಯಕ್ಕೆ ಕೊಟ್ಟಿದ್ದಾರೆ. ಕೊಂಡವರ ಹೆಸರು, ಅವರ ತಂದೆಯ ಹೆಸರು, ಊರು, ಎಲ್ಲ ಇದೆ. ಊರಿಗೆ ಬಂದು ಅತ್ತೆಗೆ ಹೇಳಿದೆ. "ಅಯ್ಯೋ, ಆ ಗದ್ದೆ ದೊಡ್ಡಜ್ಜಿ ಅಣ್ಣನ ಮನೆಯೋರದ್ದಲ್ವಾ, ಈಗಲೂ ಅವರೇ ಮಾಡ್ತಾರೆ" ಅಂದರು. ದೊಡ್ಡಜ್ಜಿಯ ತವರೂರು, ಅಪ್ಪನ ಹೆಸರು ಒಟ್ಟಿಗೇ ಸಿಕ್ಕವು.

ದೊಡ್ಡಜ್ಜಿಯ ಹೆಣ್ಣುಮಕ್ಕಳು ಮಾತ್ರ ಎಲ್ಲೂ ಇಲ್ಲ. ಇಬ್ಬರಿದ್ದರು ಅನ್ನುತ್ತಾರೆ, ಖಾತೆಯಲ್ಲಿ ಮಗ ಒಬ್ಬನೇ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ನಮ್ಮ ರಾಜ್ಯದಲ್ಲಿ ಬಂದದ್ದು 1994ರಲ್ಲಿ, ಅದೂ ಆಗ ಮದುವೆಯಾಗಿಲ್ಲದವರಿಗೆ. 2005ರಲ್ಲಿ ಕೇಂದ್ರದ ಕಾಯ್ದೆ ಬಂತು. ಅದಕ್ಕೂ ಹಿಂದಿನ ಅತ್ತೆಯರನ್ನು, ಅಜ್ಜಿಯರನ್ನು ಇಲ್ಲಿ ಹುಡುಕುವವರು ನಿರಾಸೆಗೆ ತಯಾರಾಗಿ ಹೋಗಿ.

ಈಚೆಗೆ ನನ್ನ ಖುಷಿ ಸ್ವಲ್ಪ ಇಳಿದಿದೆ. ಭೂ ಸುರಕ್ಷಾ ಯೋಜನೆಯಲ್ಲಿ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ. ಗೆದ್ದಲು ಹಿಡಿಯುವ ಕಾಗದ ಉಳಿಯುತ್ತದೆ, ತಿದ್ದುವವರಿಗೆ ಕಡಿವಾಣ ಬೀಳುತ್ತದೆ. ಬೇಡ ಅನ್ನಲು ಆಗುತ್ತದೆಯೇ? ಆದರೆ ನಮ್ಮಲ್ಲಿ ಈಗ ಕಟ್ಟು ಬಿಚ್ಚುವುದಿಲ್ಲ. ಯಾವ ನಂಬರ್ ಕೇಳಿದರೆ ಅದರ ನಕಲು ಮಾತ್ರ. ಎರಡು ಸಾಲು ಕೆಳಗಿನ ಗದ್ದೆಯ ನಂಬರನ್ನು ನಾನು ಯಾವತ್ತೂ ಕೇಳುತ್ತಿರಲಿಲ್ಲ, ಅದು ನಮ್ಮದಾಗಿತ್ತು ಅಂತಲೇ ಗೊತ್ತಿರಲಿಲ್ಲ. ಸ್ಕ್ಯಾನ್ ಮಾಡಿದವರು ಹೆಸರು ಹಾಕಿ ಹುಡುಕುವ ದಾರಿಯನ್ನೂ ಕೊಟ್ಟಿದ್ದರೆ ಈ ತಕರಾರೇ ಇರುತ್ತಿರಲಿಲ್ಲ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಅದೂ ಜಮೀನಿದ್ದ ಮನೆತನದವರಿಗೆ. ಗೇಣಿ ಮಾಡುತ್ತಿದ್ದ ಮನೆಯವರು ಪಹಣಿ ಬಿಟ್ಟು ಭೂ ನ್ಯಾಯಮಂಡಳಿಯ ಹಳೆಯ ಕಡತ ಕೇಳಿ. ಭೂ ಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ನಂತರ, ಉಳುವ ಜಮೀನಿನ ಹಕ್ಕು ಕೇಳಿ ಗೇಣಿದಾರರು ನಮೂನೆ 7ರಲ್ಲಿ ಹಾಕಿದ ಅರ್ಜಿಗಳು ಅವು. ನಮ್ಮಮ್ಮನ ಕಡೆಯ ಕಡತದಲ್ಲಿ ತಾತ ಕೊಟ್ಟ ಹೇಳಿಕೆ ಇದೆ: ಯಾರ ಕಾಲದಿಂದ ಉಳುತ್ತಿದ್ದರು, ವರ್ಷಕ್ಕೆ ಎಷ್ಟು ಪಲ್ಲ ರಾಗಿ ಅಳೆದು ಕೊಡುತ್ತಿದ್ದರು, ಎಲ್ಲ ಅವರ ಬಾಯಿಂದಲೇ.