ಕೋಲಾರದ ಬೋರ್ ನೀರಿಗೆ ಟ್ಯೂಬ್ ಸೋಲಾರ್: ಎಲ್ಲಿ ಗೆಲ್ಲುತ್ತೆ, ಎಲ್ಲಿ ಕೈಕೊಡುತ್ತೆ

ಕೋಲಾರದಲ್ಲಿ ನೀರು ಕಾಯಿಸೋ ಸೋಲಾರ್ ಹಾಕಿಸುವವರು ಬಿಸಿಲಿಗಿಂತ ಮೊದಲು ನೀರು ನೋಡಬೇಕು. ಬೋರ್ ನೀರು ಗಡುಸು. ತಾಮ್ರದ ಪ್ಯಾನೆಲ್ ಮಾದರಿಯ ಕೊಳವೆಗಳು ಸಣ್ಣವು, ಒಳಗೆ ಸುಣ್ಣ ಕಟ್ಟಿದರೆ ಕಥೆ ಮುಗೀತು. ಗಾಜಿನ ಟ್ಯೂಬಿನದು ಇಲ್ಲಿಗೆ ವಾಸಿ. 58 ಮಿ.ಮೀ. ದಪ್ಪದ ಟ್ಯೂಬಿನ ತಳದಲ್ಲಿ ಸುಣ್ಣ ಅವಲಕ್ಕಿಯ ಹಾಗೆ ಚಕ್ಕೆಚಕ್ಕೆಯಾಗಿ ಕೂರುತ್ತೆ, ದಾರಿ ಬೇಗ ಮುಚ್ಚಲ್ಲ. ನಾಲ್ಕೈದು ಜನರ ಮನೆಗೆ 200 ಲೀಟರ್ ಸಾಕು. 1800 ಮಿ.ಮೀ. ಉದ್ದದ್ದಾದರೆ 20 ಟ್ಯೂಬ್ ಬರುತ್ತೆ.

ಕಾಯಿಸುವುದರಲ್ಲಿ ಕೊರತೆಯಿಲ್ಲ. ದೂರು ಬರುವುದು ಬೇರೆ ಕಡೆ: ತಾರಸಿಯಲ್ಲಿ ನೀರು ಸುಡ್ತಿದೆ, ಬಚ್ಚಲಲ್ಲಿ ಮಾತ್ರ ತಣ್ಣಗೆ. ಎಲ್ಲರೂ ಟ್ಯೂಬನ್ನೇ ಬೈಯ್ತಾರೆ. ಬಹಳ ಸಲ ನಿಜವಾದ ಕಳ್ಳ ಅಂದರೆ ಬಿಸಿ, ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿಯೇ. ಹ್ಯಾಂಡ್ ಶವರಿನ ತುದಿ ಮಾತ್ರ ಮುಚ್ಚಿ ಬಿಸಿ, ತಣ್ಣೀರು ಎರಡನ್ನೂ ತೆರೆದೇ ಬಿಟ್ಟರೆ ತಣ್ಣೀರು ಸದ್ದಿಲ್ಲದೆ ಬಿಸಿನೀರಿನ ಲೈನಿಗೆ ನುಗ್ಗುತ್ತೆ. ವಾಷರ್ ಸವೆದಿದ್ದರೂ ಅದೇ ಪಾಡು. ಪರೀಕ್ಷೆಗೆ ಕಾಸು ಬೇಡ: ಬಿಸಿಲೇರುವ ಮುಂಚೆ ಸೋಲಾರ್ ಟ್ಯಾಂಕಿಗೆ ಹೋಗುವ ತಣ್ಣೀರಿನ ವಾಲ್ವ್ ಮುಚ್ಚಿ ಒಂದು ಬಿಸಿನೀರಿನ ನಲ್ಲಿ ತಿರುಗಿಸಿ. ಸ್ವಲ್ಪ ಹೊತ್ತಿಗೆ ಧಾರೆ ನಿಲ್ಲಬೇಕು. ನಿಲ್ಲದೆ ತಣ್ಣೀರು ಬರ್ತಾನೇ ಇದ್ದರೆ ಯಾವುದೋ ಮಿಕ್ಸರ್ ಬೆರೆಸ್ತಿದೆ ಅಂತ ಅರ್ಥ. ಒಂದೊಂದೇ ಬಚ್ಚಲಿನ ವಾಲ್ವ್ ಮುಚ್ಚುತ್ತಾ ಬಂದರೆ ಸಿಕ್ಕಿಬೀಳುತ್ತೆ. ಆಮೇಲೆ ಮೇಲಿನ ವಾಲ್ವ್ ತೆರೆಯೋದು ಮರೀಬೇಡಿ.

ಬಿಸಿನೀರು ಬರದೆ ನಲ್ಲಿ ಬುಸ್ ಅಂದರೆ ಗಾಳಿ ಕಟ್ಟಿದೆ. ಬಿಸಿನೀರಿನ ಪೈಪು ಪ್ಯಾರಪೆಟ್ ಹತ್ತಿ ಇಳಿಯುವ ಹಾಗೆ ಎಳೆದಿರುವ ಮನೆಗಳಲ್ಲಿ ಇದು ತಪ್ಪಿದ್ದಲ್ಲ. ಉಬ್ಬು ತೆಗೆಸೋದೇ ಒಳ್ಳೆ ಮದ್ದು. ಸೋಲಾರ್ ಟ್ಯಾಂಕಿನ ಗಾಳಿ ಹೋಗುವ ಏರ್ ವೆಂಟ್ ಪೈಪಿನ ಬಾಯಿ ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲಿರಬೇಕು. ಗಿಡ್ಡ ಇಟ್ಟರೆ ನೀರು ಸುರಿಯುತ್ತೆ. ಸುರಿಯುತ್ತೆ ಅಂತ ಬಿರಡೆ ಹಾಕೋ ಪುಣ್ಯಾತ್ಮರೂ ಇದ್ದಾರೆ. ಹಾಗೆ ಮಾಡಿದರೆ ಟ್ಯಾಂಕೇ ಹೋಗುತ್ತೆ.

“ಟ್ಯೂಬ್ ಹೋಗಿದೆ ಸಾರ್” ಅಂದರೆ ಕೆಳತುದಿ ನೋಡಿ. ಒಳಗೆ ಕನ್ನಡಿಯಂಥ ಬೆಳ್ಳಿ ಬಣ್ಣ ಇದ್ದರೆ ಎರಡು ಗಾಜಿನ ಪದರದ ನಡುವಿನ ನಿರ್ವಾತ (ಗಾಳಿಯಿಲ್ಲದ ಜಾಗ) ಸರಿಯಿದೆ, ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಮಾತ್ರ ಬದಲಿಸಿ. ಆ ಕೆಲಸ ಬೆಳಗಿನ ಜಾವಕ್ಕೇ ಆಗಬೇಕು. ಬಿಸಿಲಲ್ಲಿ ಕಾದ ಖಾಲಿ ಟ್ಯೂಬಿಗೆ ತಣ್ಣೀರು ಬಿದ್ದರೆ ಫಟ್ ಅಂತ ಒಡೆಯುತ್ತೆ. ಟ್ಯಾಂಕಿನ ತೂತಿನಲ್ಲಿರುವ ಸಿಲಿಕೋನ್ ರಿಂಗಿಗೆ ಸೋಪಿನ ನೀರು ಹಚ್ಚಿ ತಿರುಗಿಸುತ್ತಾ ಕೂರಿಸಿ, ಗ್ರೀಸ್ ಬೇಡ.

ಎನಾಮೆಲ್ ಲೇಪದ ಟ್ಯಾಂಕಾದರೆ ಒಳಗಿನ ಮೆಗ್ನೀಸಿಯಂ ಕಡ್ಡಿಯನ್ನು ವರ್ಷಕ್ಕೊಮ್ಮೆ ಬಿಚ್ಚಿ ನೋಡಬೇಕು. ಅದು ಕರಗಿ ಬರೀ ತಂತಿ ಉಳಿದ ಮೇಲೆ ತುಕ್ಕು ಟ್ಯಾಂಕಿಗೇ ಬಾಯಿ ಹಾಕುತ್ತೆ. ಇಷ್ಟು ಅಗ್ಗದ ಭಾಗದ ಬಗ್ಗೆ ಮಾರುವವರು ತುಟಿ ಬಿಚ್ಚಲ್ಲ, ನಮ್ಮ ದೊಡ್ಡ ತಕರಾರು ಇದೇ. ಅಕ್ಟೋಬರ್, ನವೆಂಬರ್ ಮೋಡಕ್ಕೆ 2 ಕಿಲೋವ್ಯಾಟ್ ಕರೆಂಟ್ ಕಾಯಿಲ್ ಇರಲಿ.

ಒಟ್ಟಿನಲ್ಲಿ ಟ್ಯೂಬ್ ಸೋಲಾರಿಗೆ ಐದಕ್ಕೆ ನಾಲ್ಕು ಅಂಕ ಕೊಡಬಹುದು. ದುಡ್ಡು ಎಣಿಸುವ ಮುಂಚೆ ಗ್ಯಾರಂಟಿ ಕಾಗದದಲ್ಲಿ ಗಡುಸು ನೀರಿನ ಹಾನಿ ಸೇರಿದೆಯಾ, ಹೊರಗಿಟ್ಟಿದ್ದಾರಾ ಅನ್ನೋ ಸಾಲನ್ನು ಅಂಗಡಿಯಲ್ಲೇ ಓದಿಸಿ.