ಡ್ರೈವ್ ಹೆಚ್ಚಿರುವ ಶಾಪ್‌ಗೆ ಚೋಕ್, ಡಿಟ್ಯೂನ್ಡ್ ಬ್ಯಾಂಕ್, ಆ್ಯಕ್ಟಿವ್ ಫಿಲ್ಟರ್: ಯಾವುದು ಮೊದಲು?

ಮೋಟಾರ್ ವೇಗ ಬದಲಿಸುವ ಡ್ರೈವ್‌ಗಳು ಲೈನಿಗೆ ಹಾರ್ಮೋನಿಕ್ಸ್, ಅಂದರೆ 50 ಹರ್ಟ್ಸ್‌ನ ಗುಣಕಗಳಲ್ಲಿ ಹರಿಯುವ ಕರೆಂಟ್, ಸೇರಿಸುತ್ತವೆ. ಅದನ್ನು ನಿಭಾಯಿಸಲು ಚೋಕ್ (ಲೈನಿನಲ್ಲಿ ಕೂರುವ ತಂತಿ ಸುರುಳಿ), ಡಿಟ್ಯೂನ್ಡ್ ಬ್ಯಾಂಕ್ (ರಿಯಾಕ್ಟರ್ ಜೊತೆಗಿನ ಕೆಪಾಸಿಟರ್ ಗುಂಪು), ಆ್ಯಕ್ಟಿವ್ ಫಿಲ್ಟರ್ (ವಿರುದ್ಧ ಕರೆಂಟ್ ಹರಿಸಿ ಹಾರ್ಮೋನಿಕ್ಸ್ ಅಳಿಸುವ ಉಪಕರಣ) ಇವೆ. ಮೂರನ್ನೂ ಹಾಕಿಸಿ, ಅನಲೈಸರ್ ಕಟ್ಟಿ ಅಳೆದ ಮೇಲೆ ನಾವು ಹೇಳುವುದು ಇಷ್ಟು: ಮೊದಲ ದುಡ್ಡು ಚೋಕ್‌ಗೆ ಹೋಗಲಿ.

ಸಾಮಾನ್ಯ ಆರು ಪಲ್ಸ್ (ಆರು ಡಯೋಡಿನ ರೆಕ್ಟಿಫೈಯರ್ ಇರುವ) ಡ್ರೈವ್ ಎಳೆಯುವ ಕರೆಂಟಿನಲ್ಲಿ 5, 7, 11, 13ನೇ ಹಾರ್ಮೋನಿಕ್‌ಗಳಿರುತ್ತವೆ. ಚೋಕ್ ಇಲ್ಲದಿದ್ದರೆ ಕರೆಂಟ್ ಟಿಎಚ್‌ಡಿ (ಫಂಡಮೆಂಟಲ್‌ಗೆ, ಅಂದರೆ 50 ಹರ್ಟ್ಸ್ ಕರೆಂಟಿಗೆ, ಹೋಲಿಸಿದರೆ ಒಟ್ಟು ಹಾರ್ಮೋನಿಕ್ಸ್ ಎಷ್ಟು ಎಂಬ ಅಳತೆ) ಶೇ. 80ರ ಆಚೀಚೆ ಇರುತ್ತದೆ. ಇನ್‌ಪುಟ್‌ಗೆ 3% ಚೋಕ್ (ಪೂರ್ಣ ಕರೆಂಟಿನಲ್ಲಿ ಲೈನ್ ವೋಲ್ಟೇಜಿನ 3% ತನ್ನ ಮೇಲೆ ಬೀಳಿಸಿಕೊಳ್ಳುವುದು) ಹಾಕಿದರೆ 40ರ ಸುತ್ತ, 5% ಹಾಕಿದರೆ 35ರ ಸುತ್ತ ಬರುತ್ತದೆ. 30 ಆಂಪಿಯರ್ ಎಳೆಯುವ 15 ಕಿಲೋವ್ಯಾಟ್ ಡ್ರೈವ್‌ಗೆ 3% ಅಂದರೆ ಸುಮಾರು 0.75 ಮಿಲಿಹೆನ್ರಿ. 5%ಗೆ ಹೋಗುವ ಆಸೆ ಸಹಜ, ಆದರೆ ಲೈನ್ ವೋಲ್ಟೇಜ್ ಮೊದಲೇ ಕಡಿಮೆ ಇರುವ ಕಡೆ ಫುಲ್ ಲೋಡಿನಲ್ಲಿ ಡಿಸಿ ಬಸ್ (ಡ್ರೈವ್ ಒಳಗಿನ ಡಿಸಿ ವೋಲ್ಟೇಜ್) ಇನ್ನೂ ಕುಸಿದು ಡ್ರೈವ್ ಅಂಡರ್‌ವೋಲ್ಟೇಜ್‌ನಲ್ಲಿ ಟ್ರಿಪ್ ಆಗುತ್ತದೆ. ಅಲ್ಲಿ 3% ಸಾಕು. ಡ್ರೈವ್ ಒಳಗೇ ಡಿಸಿ ಚೋಕ್ ಇದೆಯೇ ಎಂದು ಕ್ಯಾಟಲಾಗ್ ನೋಡಿ. ಇದ್ದರೆ ಹೊರಗಿನದರಿಂದ ಸಿಗುವ ಲಾಭ ಕಡಿಮೆ. ಚೋಕ್ ಸೇರಬೇಕಾದದ್ದು ಆರ್-ಎಸ್-ಟಿ (ಇನ್‌ಪುಟ್) ಕಡೆಗೆ. ಯು-ವಿ-ಡಬ್ಲ್ಯೂ (ಮೋಟಾರ್) ಕಡೆ ಹಾಕಿದ್ದು ಮೋಟಾರ್ ಇನ್ಸುಲೇಷನ್ ಕಾಯುತ್ತದೆಯೇ ಹೊರತು ಲೈನಿನ ಹಾರ್ಮೋನಿಕ್ಸ್ ಇಳಿಸುವುದಿಲ್ಲ.

ಡಿಟ್ಯೂನ್ಡ್ ಬ್ಯಾಂಕಿನ ಕೆಲಸವೇ ಬೇರೆ. ಅದು ಹಾರ್ಮೋನಿಕ್ಸ್ ತೆಗೆಯುವುದು ಅಷ್ಟಕ್ಕಷ್ಟೆ. ಕೆಪಾಸಿಟರ್ ಸಾಯದಂತೆ ನೋಡಿಕೊಳ್ಳುತ್ತದೆ. 5% ಇಂಪಿಡೆನ್ಸಿನ 500 ಕೆವಿಎ ಟ್ರಾನ್ಸ್‌ಫಾರ್ಮರ್ ತೆಗೆದುಕೊಳ್ಳಿ: ಶಾರ್ಟ್ ಸರ್ಕ್ಯೂಟ್ ಮಟ್ಟ 10,000 ಕೆವಿಎ. ಅದರ ಮೇಲೆ 200 ಕೆವಿಎಆರ್ (ಕೆಪಾಸಿಟರ್ ಸಾಮರ್ಥ್ಯದ ಅಳತೆ) ಬರಿ ಕೆಪಾಸಿಟರ್ ಕೂತರೆ 10,000 ಭಾಗಿಸು 200, ಅದರ ವರ್ಗಮೂಲ ಸುಮಾರು 7. ಅಂದರೆ ರೆಸೊನೆನ್ಸ್ (ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್ ಸೇರಿ ಒಂದು ಆವರ್ತನದ ಕರೆಂಟನ್ನು ಹಿಗ್ಗಿಸುವುದು) ನೇರವಾಗಿ 7ನೇ ಹಾರ್ಮೋನಿಕ್ ಮೇಲೆ! ಪಿಎಫ್ (ಪವರ್ ಫ್ಯಾಕ್ಟರ್) ಪ್ಯಾನೆಲ್ ಒಂದೊಂದೇ ಸ್ಟೆಪ್ ಸೇರಿಸುತ್ತಾ ಹೋದಂತೆ ಈ ಬಿಂದು ಜಾರುತ್ತದೆ, 400 ಕೆವಿಎಆರ್‌ಗೆ ಬಂದಾಗ 5ರ ಮೇಲೆ ಕೂರುತ್ತದೆ. ದಿನದ ಕೆಲವು ಹೊತ್ತಿನಲ್ಲಿ ಮಾತ್ರ ಫ್ಯೂಸ್ ಹೋಗುವುದಕ್ಕೆ, ಕೆಪಾಸಿಟರ್ ಊದಿಕೊಳ್ಳುವುದಕ್ಕೆ ಇದೇ ಕಾರಣವಿರಬಹುದು. ಪರೀಕ್ಷೆ ಸುಲಭ: 440 ವೋಲ್ಟಿನ 25 ಕೆವಿಎಆರ್ ಕೆಪಾಸಿಟರ್ 33 ಆಂಪಿಯರ್ ತೋರಿಸಬೇಕು. ಟ್ರೂ ಆರ್‌ಎಂಎಸ್ ಕ್ಲ್ಯಾಂಪ್ ಮೀಟರಿನಲ್ಲಿ 43 ದಾಟಿದರೆ ಅದು ತಡೆಯುವ 1.3 ಪಟ್ಟು ಮಿತಿ ಮೀರಿತು ಎಂದರ್ಥ.

ಕೆಪಾಸಿಟರ್‌ಗೆ ಸರಣಿಯಲ್ಲಿ 7% ರಿಯಾಕ್ಟರ್ ಸೇರಿಸಿದರೆ ರೆಸೊನೆನ್ಸ್ 189 ಹರ್ಟ್ಸ್‌ಗೆ, 5ನೆಯದಕ್ಕಿಂತ ಕೆಳಗೆ, ಇಳಿಯುತ್ತದೆ. ಆದರೆ ಕೆಪಾಸಿಟರ್ ಮೇಲಿನ ವೋಲ್ಟೇಜ್ 440ರಿಂದ 473ಕ್ಕೆ ಏರುತ್ತದೆ. ಹಳೆಯ 440 ವೋಲ್ಟಿನವನ್ನೇ ಇಟ್ಟುಕೊಂಡು ರಿಯಾಕ್ಟರ್ ಮಾತ್ರ ಕೊಳ್ಳಬೇಡಿ. 525 ವೋಲ್ಟಿನದು ಬೇಕು. 25 ಕೆವಿಎಆರ್ ನಿಜವಾಗಿ ಸಿಗಬೇಕಾದರೆ 525 ವೋಲ್ಟಿನಲ್ಲಿ 33 ಕೆವಿಎಆರ್ ತೆಗೆದುಕೊಳ್ಳಬೇಕು. ಒಂದೇ ಬಸ್‌ಬಾರಿಗೆ ಬರಿ ಸ್ಟೆಪ್, ಡಿಟ್ಯೂನ್ಡ್ ಸ್ಟೆಪ್ ಎರಡನ್ನೂ ಬೆರೆಸುವುದಂತೂ ಬೇಡವೇ ಬೇಡ.

5ನೇ ಹಾರ್ಮೋನಿಕ್‌ಗೆ ಟ್ಯೂನ್ ಮಾಡಿದ ಪ್ಯಾಸಿವ್ ಫಿಲ್ಟರ್ ಲೋಡ್ ಏರಿಳಿಯುವ ಶಾಪ್‌ಗೆ ಹೊಂದುವುದಿಲ್ಲ. ಲೋಡ್ ಇಳಿದಾಗ ಕೆಪಾಸಿಟರ್ ಹೆಚ್ಚಾಗಿ ಪಿಎಫ್ ಲೀಡಿಂಗ್ ಆಗಿ ಡಿಜಿ ಸೆಟ್ಟಿನ (ಡೀಸೆಲ್ ಜನರೇಟರ್) ಎವಿಆರ್, ಅಂದರೆ ವೋಲ್ಟೇಜ್ ನಿಯಂತ್ರಕ, ತಬ್ಬಿಬ್ಬಾಗುತ್ತದೆ.

ಆ್ಯಕ್ಟಿವ್ ಫಿಲ್ಟರ್ ಮಾಡುವಷ್ಟು ಚೊಕ್ಕ ಕೆಲಸ ಬೇರಾವುದೂ ಮಾಡದು, ಬೆಲೆಯೂ ಹಾಗೇ ಇದೆ. ಡ್ರೈವ್‌ಗಳ ಫಂಡಮೆಂಟಲ್ ಕರೆಂಟ್ 300 ಆಂಪಿಯರ್ ಇದ್ದರೆ ಚೋಕ್ ಇಲ್ಲದೆ ಫಿಲ್ಟರ್ ಸುಮಾರು 240 ಆಂಪಿಯರ್ ಹೊರಬೇಕು. 3% ಚೋಕ್ ಇದ್ದರೆ 120 ಸಾಕು. ಚೋಕ್ ಹಾಕಿ, ಮತ್ತೆ ಅಳೆದು, ಆಮೇಲೆ ಸೈಜ್ ಬರೆಯಿರಿ. ಎಲ್ಇಡಿ, ಕಂಪ್ಯೂಟರ್ ಲೋಡಿನಿಂದ ನ್ಯೂಟ್ರಲ್ ಬಿಸಿಯಾಗುತ್ತಿದ್ದರೆ ನಾಲ್ಕು ವೈರಿನ ಮಾದರಿಯೇ ಬೇಕು, ಮೂರು ವೈರಿನದು 3ನೇ ಹಾರ್ಮೋನಿಕ್‌ನ ನ್ಯೂಟ್ರಲ್ ಕರೆಂಟಿಗೆ ಏನೂ ಮಾಡುವುದಿಲ್ಲ. ಚಾಲೂ ಮಾಡುವ ದಿನ ಸಿಟಿಯ (ಕರೆಂಟ್ ಅಳೆಯುವ ಟ್ರಾನ್ಸ್‌ಫಾರ್ಮರ್) ಪಿ1-ಪಿ2 ದಿಕ್ಕು ನೋಡಿ. ತಿರುಗಿದ್ದರೆ ಫಿಲ್ಟರ್ ಹಾರ್ಮೋನಿಕ್ಸ್ ತೆಗೆಯುವ ಬದಲು ಇನ್ನಷ್ಟು ಸೇರಿಸುತ್ತದೆ.