ಕೊಂಬಿಗೆ ಪೂರ್ತಿ ಅಂಕ, ಕೋಲಿಗೆ ಸೊನ್ನೆ: ದಾವಣಗೆರೆಯಲ್ಲಿ ಬಾಡಿಗೆಗೆ ಸಿಗುವ ಮಾಸ್ ಅಮೆಡ್ಡಾ ವೇಷ

ಮಂಡಿಪೇಟೆ ಹತ್ತಿರದ ವೇಷಭೂಷಣದ ಅಂಗಡಿಯೊಂದರಲ್ಲಿ ಬಸವಣ್ಣ, ಚೆನ್ನಮ್ಮ, ಓಬವ್ವರ ಸಾಲು ಮುಗಿದ ಮೇಲೆ ಕೊನೇ ಮೊಳೆಗೆ ಒಂದು ನೀಲಿ ತಲೆ ನೇತಾಡುತ್ತೆ. ರಿಜಿಸ್ಟರಿನಲ್ಲಿ ಅದರ ಹೆಸರು ‘ನೀಲಿ ರಾಕ್ಷಸ’. ಅಸಲಿಗೆ ಅದು ಹಾಲಿವುಡ್‌ನ ಬಾಹ್ಯಾಕಾಶ ಸಿನಿಮಾ ಸರಣಿ ಸ್ಟಾರ್ ವಾರ್ಸ್‌ನ ಮಾಸ್ ಅಮೆಡ್ಡಾ, ಅಲ್ಲಿನ ಸಂಸತ್ತಾದ ಗ್ಯಾಲಕ್ಟಿಕ್ ಸೆನೆಟ್‌ನ ಉಪಾಧ್ಯಕ್ಷ. 1999, 2002, 2005ರ ಮೂರೂ ಚಿತ್ರಗಳಲ್ಲಿ ಇದ್ದಾನೆ, ಮಾತು ಮಾತ್ರ ಬೆರಳೆಣಿಕೆಯಷ್ಟು. ಆದರೂ 2002ರದ್ದರಲ್ಲಿ ಗಣರಾಜ್ಯದ ಮುಖ್ಯಸ್ಥ ಚಾನ್ಸಲರ್‌ಗೆ ತುರ್ತು ಅಧಿಕಾರ ಕೊಡಬೇಕೆಂಬ ಮಾತು ತೆಗೆದವನು ಇವನೇ. ಅದನ್ನು ಸಭೆಯಲ್ಲಿ ಮಂಡಿಸಿ ಕೆಟ್ಟ ಹೆಸರು ಹೊತ್ತದ್ದು ಅದೇ ಸರಣಿಯ ಕೋಡಂಗಿ ಪಾತ್ರ, ಪಾಪದ ಜಾರ್ ಜಾರ್.

ಬಾಡಿಗೆ ದಿನಕ್ಕೆ 600, ಡಿಪಾಸಿಟ್ 1,500.

ಈ ವೇಷದಲ್ಲಿ ಎಲ್ಲರೂ ಎಡವುವುದು ಕೊಂಬಿನಲ್ಲಿ. ಚಾಗ್ರಿಯನ್ (ಅಮೆಡ್ಡಾನ ಕುಲ) ಗಂಡಸಿಗೆ ನೆತ್ತಿಯ ಮೇಲೆ ಎರಡು ಕೊಂಬು. ಜೊತೆಗೆ ತಲೆಯ ಎರಡೂ ಪಕ್ಕದಿಂದ ಎದೆಯ ಮೇಲೆ ಇಳಿಬೀಳುವ ಸೊಂಡಿಲಿನಂಥವು, ಅವುಗಳ ತುದಿಗೂ ಕೊಂಬು. ಮೇಲಿನೆರಡನ್ನೇ ಕೊಟ್ಟು ಕೈತೊಳೆದುಕೊಂಡರೆ ಅದು ಯಮನ ಕೋಣ. ಇವರು ನಾಲ್ಕನ್ನೂ ಕೊಟ್ಟಿದ್ದಾರೆ, ಭೇಷ್. ಮೇಲಿನವು ಫೋಮ್ ಶೀಟಿನವು, ಒಳಗೆ ಟೊಳ್ಳು, ಹಗುರ. ಪಕ್ಕದವಕ್ಕೆ ಹತ್ತಿ ಗಿಡಿದಿದ್ದಾರೆ (ಹತ್ತಿ ಗಿರಣಿಗೆ ಹೆಸರಾಗಿದ್ದ ಊರಲ್ಲಿ ಹತ್ತಿಗೇನು ಬರ!). ಆ ಭಾರಕ್ಕೆ ಟೋಪಿ ಮುಂದಕ್ಕೆ ಜಗ್ಗಿ ಹತ್ತೇ ನಿಮಿಷದಲ್ಲಿ ಹುಬ್ಬಿನ ಮೇಲೆ ಬಂದು ಕೂರುತ್ತೆ. ಸೊಂಡಿಲಿನ ಹಿಂಬದಿಗೂ ನಿಲುವಂಗಿಯ ಎದೆಗೂ ಎರಡೆರಡು ಟಿಚ್ ಬಟನ್ ಹೊಲಿಸಿ, ಭಾರ ಅಂಗಿಗೆ ಹೋಗುತ್ತೆ. ಜಾಗ ಗುರುತು ಹಾಕುವಾಗ ಕತ್ತು ಎಡಕ್ಕೆ ಬಲಕ್ಕೆ ಪೂರ್ತಿ ತಿರುಗಿಸಿ ನೋಡಿ, ಎರಡು ಇಂಚು ಸಡಿಲ ಬಿಡಿ. ಇಲ್ಲದಿದ್ದರೆ ತಿರುಗಿದ ಕೂಡಲೇ ಬಟನ್ ಪಟ್ಟಂತ ಬಿಚ್ಚಿಕೊಳ್ಳುತ್ತೆ.

ನಿಲುವಂಗಿ ಪರವಾಗಿಲ್ಲ, ಕತ್ತಿನ ಪಟ್ಟಿ ಗಟ್ಟಿಯಾಗಿ ನಿಲ್ಲುತ್ತೆ.

ವೇಷದ ಜೊತೆ ಕೊಡುವ ಬಣ್ಣದ ಡಬ್ಬಿ ಮಾತ್ರ ಮುಟ್ಟಬೇಡಿ. ಅದು ಎಣ್ಣೆ ಬಣ್ಣ. ನಮ್ಮೂರ ಸೆಕೆಗೆ ಬೆವರಿನ ಜೊತೆ ಇಳಿದು ಪಟ್ಟಿಗೆ ಅಂಟುತ್ತೆ, ಕಲೆಯ ದುಡ್ಡು ಡಿಪಾಸಿಟ್‌ನಲ್ಲಿ ಮುರಿಯುತ್ತೆ. ನೀರಿನಲ್ಲಿ ಕಲಸುವ ಫೇಸ್ ಪೇಂಟ್ ತನ್ನಿ. ಒದ್ದೆ ಸ್ಪಂಜಿನಲ್ಲಿ ತೆಳುವಾಗಿ ಒಂದು ಕೈ, ಒಣಗಿದ ಮೇಲೆ ಇನ್ನೊಂದು ಕೈ, ಮೇಲೆ ಪೌಡರ್. ದಪ್ಪಗೆ ಒಂದೇ ಸಲ ಬಳಿದರೆ ನಗುವಾಗ ಬಾಯಿಯ ಸುತ್ತ ಬಿರುಕು ಬಿಡುತ್ತೆ. ಹಿಂದಿನ ದಿನವೇ ಮೊಣಕೈ ಒಳಗೆ ಸ್ವಲ್ಪ ಹಚ್ಚಿ ನೋಡುವುದು ಒಳ್ಳೆಯದು. ಬಾಡಿಗೆ ಸೆಟ್‌ನಲ್ಲಿ ಕೈಗವಸು ಇಲ್ಲ, ಹಾಗಾಗಿ ಅಂಗೈ ಮುಂಗೈಗೂ ಬಣ್ಣ ಬೇಕು.

ಇನ್ನು ಕೋಲು. ಸಿನಿಮಾದಲ್ಲಿ ಅದು ಎತ್ತರದ ದಂಡ. ಇಲ್ಲಿ ಕೈಗೆ ಬರುವುದು ಓಬವ್ವನ ಒನಕೆ! ಬೆಳ್ಳಿ ಬಣ್ಣ ಹೊಡೆದಿದ್ದಾರೆ, ಆದರೆ ತುದಿಯ ಬಳೆ ಹಾಗೇ ಇದೆ. ಕೇಳಿದರೆ, “ಕೋಲ್ ಕೋಲೇ ಅಲ್ಲೇನ್ರಿ?” ಅನ್ನುತ್ತಾರೆ. ಚಿತ್ರದುರ್ಗ ಪಕ್ಕದಲ್ಲೇ ಇರುವಾಗ ಒನಕೆಯ ಗುರುತು ಸಿಗದವರು ಯಾರು? ಆರಡಿ ಪಿವಿಸಿ ಪೈಪ್ ಸಾಕು. ಎಮರಿ ಪೇಪರಿನಿಂದ ಉಜ್ಜಿ ಆಮೇಲೆ ಬಣ್ಣ ಹೊಡೆಯಿರಿ. ನುಣುಪಿನ ಮೇಲೆ ಹೊಡೆದದ್ದು ಸಿಪ್ಪೆಯಂತೆ ಏಳುತ್ತೆ.

ಆಟೋದಲ್ಲಿ ಹೋಗುವವರು ತಲೆಯನ್ನು ಮಡಿಲಲ್ಲಿ ಇಟ್ಟುಕೊಳ್ಳಿ. ಹಾಕಿಕೊಂಡು ಕೂತರೆ ಹಂಪ್ ಬಂದಾಗ ಕೊಂಬು ಮೇಲಕ್ಕೆ ಬಡಿದು ಬುಡದ ಅಂಟು ಬಿಡುತ್ತೆ.